ಮೈಸೂರು ಸೀಮೆಯ ರೈಲುದಾರಿ ನಾಡಿನದಾದ ಬಗೆ

 

ಧರ್ಮಸಭೆಯಲ್ಲಿ ರೈಲುಬಂಡಿಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಇಂಥ ಮಹೋತ್ಸವಗಳಿಗೆ ಬರುವ ಭಕ್ತರಲ್ಲಿ ಎಷ್ಟೋ ಮಂದಿ ರೈಲಿನಿಂದಿಳಿದು ಬರುವವರು. ಇವರ ಮುತ್ತಜ್ಜಂದಿರು ಗುರುದರ್ಶನಕ್ಕೆ ಹೊರಟರೆ ಗಾಡಿ ಕಟ್ಟಿ, ಬುತ್ತಿಯ ಗಂಟನ್ನೂ ಎತ್ತಿನ ಮೇವನ್ನೂ ಹೇರಿಕೊಂಡು, ಅರವಟ್ಟಿಗೆಯಿಂದ ಅರವಟ್ಟಿಗೆಗೆ ದಿನಗಟ್ಟಲೆ ಹಾದಿ ಸವೆಸಬೇಕಾಗಿದ್ದಿತು. ಆ ಹಾದಿಯನ್ನು ಕೆಲವು ಗಂಟೆಗಳ ಪ್ರಯಾಣಕ್ಕೆ ಇಳಿಸಿದ ವಸ್ತು ಯಾವುದು, ಅದನ್ನು ಕಟ್ಟಿದವರಾರು, ಅದು ಯಾರ ವಶದಲ್ಲಿದ್ದಿತು, ಯಾರ ವಶಕ್ಕೆ ಬಂದಿತು ಎಂಬುದನ್ನು ತಿಳಿಯುವುದು ಭಕ್ತರಿಗೆ ಹೊರತಾದ ವಿಷಯವಲ್ಲ. ದುಡಿದವರ ದುಡಿಮೆಯ ಫಲವು ಸಮಾಜಕ್ಕೆ ಮರಳಬೇಕೆಂಬುದು ಕಾಯಕ ದಾಸೋಹಗಳ ತಿರುಳು. ಮೈಸೂರು ಸೀಮೆಯ ರೈಲುದಾರಿಯ ಚರಿತ್ರೆಯಲ್ಲಿ ಈ ತತ್ತ್ವವು ಒಮ್ಮೆ ಮರೆಯಾಗಿ, ಮತ್ತೆ ಮೆಲ್ಲಮೆಲ್ಲನೆ ತಲೆಯೆತ್ತಿದ ಕಥೆಯುಂಟು. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳೇ ಆ ಕಥೆಯ ಮುಖ್ಯ ಭಾಗ.

ಆರಂಭವು ಸುಖದ ಕಾಲದ್ದಲ್ಲ. 1864ರಲ್ಲಿ ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರು ದಂಡಿನವರೆಗೆ ಅಗಲ ಹಳಿಯ ದಾರಿಯೊಂದು ಬಂದು ನಿಂತಿದ್ದಿತು. ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿಯೇ ಗತಿ. 1876ರಿಂದ 1878ರವರೆಗೆ ಬಿದ್ದ ಮಹಾಕ್ಷಾಮದಲ್ಲಿ ಈ ಕೊರತೆಯು ಪ್ರಾಣಾಂತಿಕವಾಯಿತು. ಧಾನ್ಯವು ರೈಲಿನಲ್ಲಿ ಬೆಂಗಳೂರಿಗೆ ಬರುತ್ತಿದ್ದಿತು. ಆದರೆ ಮೇವು ನೀರುಗಳಿಲ್ಲದೆ ಎತ್ತುಗಳೇ ಸತ್ತುಹೋದ ಮೇಲೆ ಅದನ್ನು ಹಳ್ಳಿಗಳಿಗೆ ಎಳೆಯುವವರಾರು? ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನರು ಈ ಕ್ಷಾಮಕ್ಕೆ ಆಹುತಿಯಾದರೆಂದು ಎಣಿಕೆ. ಅಂದರೆ ಐದು ಮಂದಿಯಲ್ಲಿ ಒಬ್ಬರು.

ಈ ದಾರುಣ ಅನುಭವದ ನಡುವೆಯೇ ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಹಳಿಯ ದಾರಿಯ ಕೆಲಸವು ಕ್ಷಾಮ ಪರಿಹಾರದ ಕಾಮಗಾರಿಯಾಗಿ ಮೊದಲಾಯಿತು. ಒಪ್ಪೊತ್ತಿನ ಗಂಜಿಗೂ ಗತಿಯಿಲ್ಲದ ಗಂಡಸರು ಹೆಂಗಸರು ಮಣ್ಣು ಅಗೆದರು, ಬುಟ್ಟಿ ಹೊತ್ತರು, ಏರಿ ಕಟ್ಟಿದರು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿದ ಮೇಲೆ ದಿವಾನ್ ರಂಗಾಚಾರ್ಲು ಅವರು ಸಂಸ್ಥಾನದೊಳಗೇ ಸಾಲವೆತ್ತಿ ಕೆಲಸವನ್ನು ಮುಂದುವರಿಸಿದರು. 1882ರಲ್ಲಿ ಬಂಡಿಯು ಮೈಸೂರನ್ನು ಮುಟ್ಟಿತು. ಸುಮಾರು 86 ಮೈಲಿಯ ಈ ದಾರಿಯು ಹೊರಗಿನ ಕಂಪೆನಿಯ ಕೊಡುಗೆಯಲ್ಲ. ಹಸಿದವರ ಬೆವರಿನಿಂದಲೂ ನಾಡಿನ ಬೊಕ್ಕಸದಿಂದಲೂ ಆದುದು. ಮುಂದಿನದನ್ನೆಲ್ಲ ಅಳೆಯುವುದಕ್ಕೆ ಈ ಒಂದು ಸಂಗತಿಯೇ ಅಳತೆಗೋಲು.

ಆದರೆ ಬೊಕ್ಕಸವು ಬಡವಾಗಿದ್ದಿತು. ತುಮಕೂರು, ಗುಬ್ಬಿಗಳಿಂದಾಚೆ ತುಂಗಭದ್ರೆಯ ದಡದ ಹರಿಹರದವರೆಗೆ ದಾರಿಯನ್ನು ಒಯ್ಯಲು ಹಣ ಸಾಲದಾಯಿತು. 1882ರಲ್ಲಿ ಸ್ಥಾಪಿತವಾಗಿದ್ದ ಸದರನ್ ಮರಾಠ ರೈಲ್ವೆ ಕಂಪೆನಿಗೆ 1886ರಲ್ಲಿ ಸಂಸ್ಥಾನದ ದಾರಿಗಳು ಒಪ್ಪಿತವಾದವು. ಲಂಡನ್ನಿನಲ್ಲಿ ಸಾಲವೆತ್ತಲಾಯಿತು. ಬಡ್ಡಿಯ ಹೊಣೆ ಸಂಸ್ಥಾನದ್ದು. ನಡೆಸುವ ಅಧಿಕಾರ ಕಂಪೆನಿಯದು. 1889ರಲ್ಲಿ ದಾರಿಯು ಹರಿಹರವನ್ನು ಸೇರಿ ಹುಬ್ಬಳ್ಳಿಯ ಕಡೆಯ ಹಳಿಗೆ ಕೂಡಿಕೊಂಡಿತು. 1891ರಲ್ಲಿ ನಂಜನಗೂಡಿಗೂ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೂ ಬಂಡಿ ಹೋಯಿತು. ಹೀಗೆ ಹಳಿಯೇನೋ ಬೆಳೆಯಿತು. ಆದರೆ ಮನೆಯನ್ನು ಕಟ್ಟಿದವನು ಬಾಗಿಲಲ್ಲಿ ನಿಂತು ಒಳಕ್ಕೆ ಬರಲು ಅಪ್ಪಣೆ ಕೇಳುವಂತಾಯಿತು.

ಕಂಪೆನಿಯ ಆಡಳಿತದಿಂದ ಒಳ್ಳೆಯದೇ ಆಗಲಿಲ್ಲವೆಂದರೆ ಅದು ಸತ್ಯಕ್ಕೆ ದೂರ. ಹುಬ್ಬಳ್ಳಿಯ ದೊಡ್ಡ ಕಾರ್ಖಾನೆಯು ಅದರ ಕಾಲದಲ್ಲಿಯೇ ಏರ್ಪಟ್ಟಿತು; ಕುಲುಮೆಯ ಕಮ್ಮಾರರಿಗೂ ಬಡಗಿಗಳಿಗೂ ಅಲ್ಲಿ ಹೊಸ ಕಾಯಕ ದೊರೆಯಿತು. ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿಗೆ ಬಂದ ದಾರಿಯೂ, ಲೋಂಡದಿಂದ ಘಟ್ಟವಿಳಿದು ಮರ್ಮಗೋವೆಯ ಬಂದರಕ್ಕೆ ಹೋದ ದಾರಿಯೂ ಸೇರಿ ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ಮುಟ್ಟಿಸಿದವು. ದಾವಣಗೆರೆಯ ಹತ್ತಿಯ ಪೇಟೆ, ತಿಪಟೂರಿನ ಕೊಬ್ಬರಿಯ ಪೇಟೆ ಹಳಿಯ ಆಸರೆಯಿಂದ ಬೆಳೆದುವು. ಆ ಪೇಟೆಗಳ ವರ್ತಕರಲ್ಲಿ ಶಿವಭಕ್ತರು ಬಹುಮಂದಿ. ಆದರೆ ಅದೇ ಹಳಿಯ ಮೇಲೆ ಕೇಡೂ ಬಂದಿತು. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯನ್ನೇ ಹಿಡಿದು ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಬಂಡಿಗೆ ತನ್ನದೆಂಬ ಪುಣ್ಯಪಾಪಗಳಿಲ್ಲ. ಅದರ ಮೇಲೆ ಏನು ಬರಬೇಕು, ಏನು ಹೋಗಬೇಕು, ಹಳಿ ಯಾವ ಊರಿಗೆ ತಿರುಗಬೇಕು ಎಂಬುದನ್ನು ನಿಶ್ಚಯಿಸುವ ಕೈ ಯಾವುದೋ ಅದರಂತೆ ಫಲ. ಲಂಡನ್ನಿನಲ್ಲಿ ಕುಳಿತ ಆಡಳಿತ ಮಂಡಲಿಗೆ ಬಂದರದ ದಾರಿ ಕಾಣುವಷ್ಟು ಸ್ಪಷ್ಟವಾಗಿ ಮಲೆನಾಡಿನ ರೋಗಿಯೂ ಬಯಲುಸೀಮೆಯ ರೈತನೂ ಕಾಣುವುದು ಸಾಧ್ಯವಿರಲಿಲ್ಲ.

ಇಪ್ಪತ್ತನೆಯ ಶತಮಾನವು ಕಾಲಿಟ್ಟಾಗ ಇಡೀ ದೇಶದಲ್ಲಿ ಇದೇ ಪ್ರಶ್ನೆಯು ಎದ್ದುನಿಂತಿದ್ದಿತು. 1905ರಲ್ಲಿ ರೈಲ್ವೆ ಬೋರ್ಡು ಏರ್ಪಟ್ಟಿತು. 1908ರ ಜನವರಿ 1ರಂದು ಮದರಾಸ್ ರೈಲ್ವೆಯ ಬಹುಭಾಗವೂ ಸದರನ್ ಮರಾಠ ರೈಲ್ವೆಯೂ ಒಂದುಗೂಡಿ ಮದರಾಸ್ ಅಂಡ್ ಸದರನ್ ಮರಾಠ ರೈಲ್ವೆ ಎಂಬ ಒಂದೇ ಕಂಪೆನಿಯಾಯಿತು. ಮೈಸೂರಿನ ದಾರಿಗಳು ಈ ಮಹಾಸಂಸ್ಥೆಯ ಒಂದು ಮೂಲೆಯಾದವು.

ಈ ಸ್ಥಿತಿಯಲ್ಲಿ 1912ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. ಹಳೆಯ ದಾರಿಗಳು ಕಂಪೆನಿಯ ಕೈಯಲ್ಲಿದ್ದರೂ ಹೊಸ ದಾರಿಗಳನ್ನು ಸಂಸ್ಥಾನವೇ ಕಟ್ಟಬಾರದೇಕೆ ಎಂಬುದು ಆ ಕಾಲದ ವಿಚಾರ. ಹಾಸನದ ಮೂಲಕ ಮೈಸೂರನ್ನೂ ಅರಸೀಕೆರೆಯನ್ನೂ ಕೂಡಿಸುವ ನೂರು ಮೈಲಿಗೂ ಮಿಕ್ಕ ದಾರಿಯು ಅವರ ಅಧಿಕಾರಾವಧಿಯ ಕೊನೆಯ ವರ್ಷಗಳಲ್ಲಿ ಸಿದ್ಧವಾಯಿತು. ಅದಕ್ಕೆ ಮೊದಲು ಮೈಸೂರಿನಿಂದ ರೈಲಿನಲ್ಲಿ ಅರಸೀಕೆರೆಗೆ ಹೋಗಬೇಕಾದವನು ಬೆಂಗಳೂರನ್ನು ಸುತ್ತಿಯೇ ಹೋಗಬೇಕಾಗಿದ್ದಿತು. ಹಾಸನದ ಜಿಲ್ಲಾ ಮುಖ್ಯಪಟ್ಟಣಕ್ಕೆ ಹಳಿಯೇ ಇರಲಿಲ್ಲ. ನಕ್ಷೆಯನ್ನು ನೋಡಿದರೆ ಈ ದಾರಿಯ ಅರ್ಥ ತಿಳಿಯುತ್ತದೆ. ಹಳೆಯ ಹಳಿಗಳು ಒಳನಾಡನ್ನು ದೂರದ ಬಂದರಗಳಿಗೆ ಜೋಡಿಸಿದುವು. ಈ ಹೊಸ ಹಳಿಯು ನಾಡಿನ ಒಂದು ಭಾಗವನ್ನು ಇನ್ನೊಂದು ಭಾಗಕ್ಕೆ ಜೋಡಿಸಿತು.

ಕೋಲಾರದ ಸೀಮೆಯಲ್ಲಿ ನಡೆದ ಕೆಲಸವು ಇನ್ನೂ ಗಮನಾರ್ಹವಾದುದು. ಈಗ ಬಂಗಾರಪೇಟೆಯೆನಿಸಿಕೊಂಡಿರುವ ಅಂದಿನ ಬೌರಿಂಗ್‌ಪೇಟೆಯಿಂದ 1913ರಲ್ಲಿ ಕೋಲಾರಕ್ಕೆ 2 ಅಡಿ 6 ಅಂಗುಲದ ಸಣ್ಣ ಹಳಿಯೊಂದು ಬಂದಿತು. ಕೆಲವು ವರ್ಷಗಳಲ್ಲಿಯೇ ಅದು ಚಿಂತಾಮಣಿಯ ಮೇಲೆ ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಬೆಂಗಳೂರಿನ ಕಡೆಯಿಂದ ಯಲಹಂಕ, ನಂದಿಗಳನ್ನು ಹಾದು ಬಂದ ಅದೇ ಅಳತೆಯ ಹಳಿಯೊಡನೆ ಅದು ಸೇರಿತು. ಈ ಕೋಲಾರದ ದಾರಿಯನ್ನು ಕರೆಯುತ್ತಿದ್ದುದು ಜಿಲ್ಲಾ ಬೋರ್ಡಿನ ರೈಲ್ವೆಯೆಂದು. ಕೆರೆಯ ಏರಿಯನ್ನು ಊರವರೇ ಕಟ್ಟಿಕೊಳ್ಳುವಂತೆ ಒಂದು ಜಿಲ್ಲೆಯು ತನ್ನ ರೈಲುದಾರಿಯ ಹೊಣೆಯನ್ನು ಹೊತ್ತುಕೊಂಡಿತೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ಆ ಪುಟ್ಟ ಬಂಡಿಯ ವೇಗವು ಅಲ್ಪ, ಡಬ್ಬಿಗಳು ಇಕ್ಕಟ್ಟು; ಆದರೆ ಹಳ್ಳಿಯ ಹಣ್ಣು ತರಕಾರಿಗಳು ಪಟ್ಟಣದ ಸಂತೆಗೆ ಹೋದವು, ಪಟ್ಟಣದ ವೈದ್ಯನಲ್ಲಿಗೆ ಹಳ್ಳಿಯ ರೋಗಿ ಹೋದನು. ಮಲೆನಾಡಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದಕ್ಕೂ ಕಿರಿದಾದ, 2 ಅಡಿಯ ಹಳಿಯು ಹೋಯಿತು. ಇಂದು ಆ ದಾರಿಯು ಇಲ್ಲ. ಕೋಲಾರದ್ದು ಅಗಲ ಹಳಿಯಾಗಿ ಉಳಿದಿದೆ.

ಸಣ್ಣ ಹಳಿ, ಮೀಟರ್ ಹಳಿ, ಅಗಲ ಹಳಿ ಎಂಬ ಈ ಭೇದದಿಂದ ಆದ ಕಷ್ಟವನ್ನೂ ಇಲ್ಲಿ ಹೇಳಬೇಕು. ಅಗಲ ಹಳಿಯ ಅಳತೆ 5 ಅಡಿ 6 ಅಂಗುಲ. ಮೀಟರ್ ಹಳಿಯದು 3 ಅಡಿ 3 ಅಂಗುಲಕ್ಕಿಂತ ತುಸು ಹೆಚ್ಚು. ಕಡಮೆ ವೆಚ್ಚದಲ್ಲಿ ಹೆಚ್ಚು ಮೈಲಿ ಹಾಕಬಹುದೆಂದು 1870ರ ಸುಮಾರಿಗೆ ಸರ್ಕಾರವು ಮೀಟರ್ ಹಳಿಯನ್ನು ಸ್ವೀಕರಿಸಿತು. ಆದರೆ ಒಂದು ಹಳಿಯ ಬಂಡಿ ಇನ್ನೊಂದರ ಮೇಲೆ ಹೋಗಲಾರದು. ಮದರಾಸಿನಿಂದ ಮೈಸೂರಿಗೆ ಬರುವ ಪ್ರತಿಯೊಂದು ಮೂಟೆಯನ್ನೂ ಬೆಂಗಳೂರಿನಲ್ಲಿ ಒಂದು ಬಂಡಿಯಿಂದಿಳಿಸಿ ಮತ್ತೊಂದಕ್ಕೆ ಹೇರಬೇಕು. ಉಗಿಯಂತ್ರವು ನೂರಾರು ಮೈಲಿ ಎಳೆದು ತಂದ ಭಾರವನ್ನು ನಡುವಿನ ಕೆಲವೇ ಮಾರುಗಳ ದೂರಕ್ಕೆ ಹಮಾಲಿಯ ಬೆನ್ನೇ ಹೊರಬೇಕಾಗಿದ್ದಿತು. 1992ರಲ್ಲಿ ಮೊದಲಾದ ಏಕ ಹಳಿಯ ಯೋಜನೆಯಿಂದ ಈ ಭೇದವು ಬಹುಮಟ್ಟಿಗೆ ಅಳಿಯಿತು.

ಇನ್ನು ಬಂಡಿಯೊಳಗಿನ ಭೇದ. ಪ್ರಯಾಣಿಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೂರನೆಯ ದರ್ಜೆಯವರು. ಪ್ರಯಾಣಿಕರಿಂದ ಬರುವ ಹಣದಲ್ಲಿ ಅತಿ ದೊಡ್ಡ ಪಾಲು ಅವರದೇ. ಆದರೆ ಕಾಸು ಕೊಟ್ಟವರಿಗೆ ದೊರೆತುದು ಮರದ ಹಲಗೆ, ಕಾಲಿಡಲೂ ಎಡೆಯಿಲ್ಲದ ಸಂದಣಿ, ಚೀಟಿ ಕೊಡುವ ಕಿಟಕಿಯಲ್ಲಿ ಬೈಗುಳ. ದಕ್ಷಿಣ ಆಫ್ರಿಕದಿಂದ 1915ರಲ್ಲಿ ಹಿಂದಿರುಗಿದ ಮಹಾತ್ಮ ಗಾಂಧಿಯವರು ಎರಡು ವರ್ಷಗಳಿಗೂ ಮಿಕ್ಕು ಮೂರನೆಯ ದರ್ಜೆಯಲ್ಲಿಯೇ ಸಂಚರಿಸಿ, 1917ರಲ್ಲಿ ರಾಂಚಿಯಿಂದ ಈ ವಿಷಯವಾಗಿ ಪತ್ರಿಕೆಗಳಿಗೆ ದೀರ್ಘವಾದ ಲೇಖನವನ್ನು ಬರೆದರು. ಅವರು ಕಂಪೆನಿಗಳನ್ನು ಮಾತ್ರ ದೂರಲಿಲ್ಲ. ಎಲ್ಲೆಂದರಲ್ಲಿ ಉಗುಳುವ, ಜೊತೆಯವರ ಸೌಕರ್ಯವನ್ನು ಎಣಿಸದ ಪ್ರಯಾಣಿಕರಿಗೂ ತಿದ್ದಿಕೊಳ್ಳುವ ಹೊಣೆಯುಂಟೆಂದರು. ಮೂರನೆಯ ದರ್ಜೆಯೆಂಬ ಹೆಸರು ಹೋದುದು 1974ರಲ್ಲಿ. ಹೆಸರಿನೊಡನೆ ಸಂದಣಿಯೂ ಹೋಯಿತೆಂದು ಹೇಳುವಂತಿಲ್ಲ.

ಆದರೆ ಆ ಇಕ್ಕಟ್ಟಿನ ಹಲಗೆಯು ಮಾಡಿದ ಒಂದು ಉಪಕಾರವನ್ನು ಶರಣರ ಮಕ್ಕಳು ಮರೆಯಲಾಗದು. ಊರಿನಲ್ಲಿ ಒಂದೇ ಬೀದಿಯಲ್ಲಿ ನಡೆಯದಿದ್ದವರು ಬಂಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತರು. ನಿಲ್ದಾಣದಲ್ಲಿ ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆ ಬೇರೆ ಗಡಿಗೆಗಳನ್ನಿರಿಸಿದರು, ನಿಜ. ಗೋರರಿಗೆ ಬೇರೆ ಡಬ್ಬಿಗಳನ್ನು ಕಾದಿರಿಸಿದರು, ಅದೂ ನಿಜ. ಆದರೆ ಮೂರನೆಯ ದರ್ಜೆಯ ಚೀಟಿಗೆ ಜಾತಿಯಿರಲಿಲ್ಲ. ಅನುಭವಮಂಟಪದಲ್ಲಿ ಅರಿವಿನಿಂದ ಆದ ಸಮಾನತೆಗೂ ಇಲ್ಲಿ ಅನಿವಾರ್ಯದಿಂದ ಆದ ಸಮಾನತೆಗೂ ಬಹಳ ಅಂತರವುಂಟು. ಆದರೂ ಅನಿವಾರ್ಯವು ಕೆಲವೊಮ್ಮೆ ಅರಿವಿಗೆ ಬಾಗಿಲಾಗುತ್ತದೆ.

ಹರಿದು ಹಂಚಿಹೋಗಿದ್ದ ಕನ್ನಡನಾಡಿಗೂ ಹಳಿಯು ಇಂಥದೇ ಉಪಕಾರವನ್ನು ಮಾಡಿತು. ಮುಂಬಯಿಯ ಆಡಳಿತ, ಮದರಾಸಿನ ಆಡಳಿತ, ನಿಜಾಮರ ರಾಜ್ಯ, ಮೈಸೂರು, ಕೊಡಗು ಎಂದು ನಾಡು ಒಡೆದಿದ್ದ ಕಾಲವದು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಕೂಡಿದಾಗ, 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗ ಮಂದಿರವು ಸ್ಥಾಪಿತವಾದಾಗ, 1915ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಹುಟ್ಟಿದಾಗ, 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ಮೊದಲಾದಾಗ, ಈ ನಾಲ್ಕು ಊರುಗಳಿಗೂ ಹಳಿಯು ಆಗಲೇ ಬಂದಿದ್ದಿತು. ಸಂಕಲ್ಪವು ಹಿರಿಯರದು, ಸಂಕಲ್ಪಗಳನ್ನು ಒಂದೆಡೆ ಸೇರಿಸುವ ದಾರಿಯು ಸಿದ್ಧವಾಗಿದ್ದಿತು. ನೆಲಕ್ಕೆ ಬಿಗಿದ ಹಳಿಯು ಸ್ಥಾವರವಾದರೂ ಅದರ ಮೇಲೆ ನಾಡಿನ ಜನರು ಜಂಗಮರಾದರು.

ಒಡೆತನದ ಮಾತಿಗೆ ಮರಳೋಣ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ದೇಶದ ಹಳಿಗಳನ್ನೂ ಯಂತ್ರಗಳನ್ನೂ ಕಿತ್ತು ಮೆಸಪೊಟೇಮಿಯ ಮೊದಲಾದ ರಣರಂಗಗಳಿಗೆ ಕಳುಹಿಸಿದರು. ರೈಲು ಕಾರ್ಖಾನೆಗಳಲ್ಲಿ ಗುಂಡುಗಳು ತಯಾರಾದವು. ಯುದ್ಧ ಮುಗಿದಾಗ ಸೇತುವೆಗಳೂ ಬಂಡಿಗಳೂ ಜೀರ್ಣಾವಸ್ಥೆಯಲ್ಲಿದ್ದುವು. ಸರ್ ವಿಲಿಯಂ ಆಕ್‌ವರ್ಥರ ಅಧ್ಯಕ್ಷತೆಯ ಸಮಿತಿಯು 1921ರಲ್ಲಿ ವರದಿಯನ್ನೊಪ್ಪಿಸಿತು. ರೈಲುಗಳನ್ನು ಸರ್ಕಾರವೇ ನಡೆಸಬೇಕೆಂದು ಅಧ್ಯಕ್ಷರ ಪಕ್ಷವು ಅಭಿಪ್ರಾಯಪಟ್ಟಿತು. 1924ರಲ್ಲಿ ರೈಲಿನ ಆಯವ್ಯಯವನ್ನು ಸಾಮಾನ್ಯ ಆಯವ್ಯಯದಿಂದ ಬೇರ್ಪಡಿಸಲಾಯಿತು. ಆ ಏರ್ಪಾಡು 2017ರವರೆಗೆ ನಡೆಯಿತು. 1925ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆಯೂ ಗ್ರೇಟ್ ಇಂಡಿಯನ್ ಪೆನಿನ್ಸುಲ ರೈಲ್ವೆಯೂ ಸರ್ಕಾರದ ಆಡಳಿತಕ್ಕೆ ಬಂದುವು. ಅದೇ ವರ್ಷದ ಫೆಬ್ರವರಿ 3ರಂದು ಮುಂಬಯಿಯಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು.

ದೇಶವು ಚರ್ಚಿಸುತ್ತಿದ್ದುದನ್ನು ಮೈಸೂರು ಅದಕ್ಕೆ ಮೊದಲೇ ಕೈಗೊಂಡಿದ್ದಿತು. 1919ರ ಅಕ್ಟೋಬರ್ 1ರಂದು ಬೆಂಗಳೂರು ಮೈಸೂರು ದಾರಿಯನ್ನೂ ನಂಜನಗೂಡಿನ ದಾರಿಯನ್ನೂ ಬೀರೂರು ಶಿವಮೊಗ್ಗ ದಾರಿಯನ್ನೂ ಸಂಸ್ಥಾನವು ಕಂಪೆನಿಯಿಂದ ಹಿಂದಕ್ಕೆ ಪಡೆದು ತಾನೇ ನಡೆಸತೊಡಗಿತು. ಕ್ಷಾಮದಲ್ಲಿ ಹಸಿದವರು ಮಣ್ಣು ಹೊತ್ತ ಆ 86 ಮೈಲಿಯ ದಾರಿಯು ಮೂವತ್ತಮೂರು ವರ್ಷಗಳ ತರುವಾಯ ಮನೆಗೆ ಮರಳಿತು. ನಡೆಸುವ ಜಾಣ್ಮೆ ದೇಶೀಯರಿಗಿದೆಯೆ ಎಂಬ ಸಂದೇಹಕ್ಕೆ ಕೆಲಸವೇ ಉತ್ತರವಾಯಿತು. 1924ರಲ್ಲಿ ಮೈಸೂರಿನಲ್ಲಿ ರೈಲು ಕಾರ್ಖಾನೆ ಏರ್ಪಟ್ಟಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ 1921ರಲ್ಲಿಯೂ, ನಂಜನಗೂಡಿನಿಂದ ಚಾಮರಾಜನಗರಕ್ಕೆ 1926ರಲ್ಲಿಯೂ ದಾರಿಗಳು ತೆರೆದುವು. ಶಿವಮೊಗ್ಗದ ದಾರಿಯ ಮೇಲಣ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣವು ಕರಗತೊಡಗಿತು. ಹಳಿಯಿಲ್ಲದಿದ್ದರೆ ಆ ಕಾರ್ಖಾನೆಯ ಸರಕು ಕಾಡನ್ನು ದಾಟುವುದು ದುಸ್ತರವಾಗುತ್ತಿದ್ದಿತು. 1930ರಲ್ಲಿ ನೆರೆಯ ನಿಜಾಮ ಸರ್ಕಾರವೂ ತನ್ನ ರಾಜ್ಯದ ರೈಲುಗಳನ್ನು ಕಂಪೆನಿಯಿಂದ ಕೊಂಡುಕೊಂಡಿತು.

ಬೆಂಗಳೂರು ಹರಿಹರ ದಾರಿಯೊಂದು ಇನ್ನೂ ಕಂಪೆನಿಯ ಕೈಯಲ್ಲಿಯೇ ಇದ್ದಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1938ರ ಜನವರಿ 1ರಂದು, ಅದೂ ಸಂಸ್ಥಾನದ ಆಡಳಿತಕ್ಕೆ ಬಂದಿತು. 1886ರಲ್ಲಿ ಕೈಬಿಟ್ಟುದು ಪೂರ್ತಿಯಾಗಿ ಮರಳುವುದಕ್ಕೆ ಐವತ್ತೊಂದು ವರ್ಷಗಳು ಹಿಡಿದುವು. ಇದಕ್ಕಾಗಿ ರಕ್ತವು ಹರಿಯಲಿಲ್ಲ, ಘೋಷಗಳು ಮೊಳಗಲಿಲ್ಲ. ಲೆಕ್ಕವನ್ನು ಸರಿಯಾಗಿ ಬರೆದಿಟ್ಟು, ಸಾಲವನ್ನು ತೀರಿಸುತ್ತ, ಅವಧಿಯನ್ನು ಕಾಯುತ್ತ, ಕೆಲಸವನ್ನು ಕಲಿಯುತ್ತ ಬಂದ ತಾಳ್ಮೆಯ ಫಲವಿದು. ಮುಂದೆ 1944ರಲ್ಲಿ ಮದರಾಸ್ ಅಂಡ್ ಸದರನ್ ಮರಾಠ ರೈಲ್ವೆಯೇ ಭಾರತ ಸರ್ಕಾರದ ವಶವಾಯಿತು. 1951ರ ಏಪ್ರಿಲ್ 14ರಂದು ಅದೂ ಮೈಸೂರು ಸಂಸ್ಥಾನದ ರೈಲ್ವೆಯೂ ಸೌತ್ ಇಂಡಿಯನ್ ರೈಲ್ವೆಯೂ ಕೂಡಿ ದಕ್ಷಿಣ ರೈಲ್ವೆಯಾದುವು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈರುತ್ಯ ರೈಲ್ವೆಯು ಕೆಲಸವನ್ನಾರಂಭಿಸಿತು.

ಸಂಕಲ್ಪಿಸಿದುದೆಲ್ಲವೂ ಕೈಗೂಡಲಿಲ್ಲವೆಂಬುದನ್ನೂ ಮರೆಮಾಡಬಾರದು. ಭಟ್ಕಳದಲ್ಲಿ ಬಂದರವನ್ನು ಕಟ್ಟಿ, ಅಲ್ಲಿಗೆ ಸಂಸ್ಥಾನದ ಹಳಿಯನ್ನೊಯ್ಯಬೇಕೆಂಬುದು ವಿಶ್ವೇಶ್ವರಯ್ಯನವರ ಹಂಬಲವಾಗಿದ್ದಿತು, ಅದು ನೆರವೇರಲಿಲ್ಲ. ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೊರಟ ದಾರಿಯು ಸಾಗರವನ್ನು ದಾಟಿ 1940ರಲ್ಲಿ ತಾಳಗುಪ್ಪವನ್ನು ಮುಟ್ಟಿ, ಜೋಗದ ವಿದ್ಯುದಾಗಾರದ ಕೆಲಸಕ್ಕೆ ನೆರವಾಗಿ, ಅಲ್ಲಿಯೇ ನಿಂತಿತು. ಇಂದಿಗೂ ಅಲ್ಲಿಯೇ ನಿಂತಿದೆ. ಚಾಮರಾಜನಗರದ ದಾರಿಯೂ ಹಾಗೆಯೇ. ಹಾಸನದಿಂದ ಘಟ್ಟವಿಳಿದು ಮಂಗಳೂರನ್ನು ಮುಟ್ಟುವುದಕ್ಕೆ 1979 ಬರಬೇಕಾಯಿತು. ಹಿರಿಯರು ಅರ್ಧಕ್ಕೆ ಬಿಟ್ಟುಹೋದ ಕೆಲಸವು ಕಿರಿಯರ ಮೇಲಣ ಸಾಲವೆಂದು ತಿಳಿಯುವುದು ಯುಕ್ತ.

ಶರಣ ಬಂಧುಗಳೇ, ಕ್ಯಾತಸಂದ್ರದಲ್ಲಿಳಿದು ಸಿದ್ಧಗಂಗೆಗೆ ಹೋಗುವವರೂ, ಚಿತ್ರದುರ್ಗದಲ್ಲಿಳಿದು ಬೃಹನ್ಮಠಕ್ಕೆ ಹೋಗುವವರೂ, ನಂಜನಗೂಡಿನಲ್ಲಿಳಿದು ಸುತ್ತೂರಿಗೆ ಹೋಗುವವರೂ ಒಂದು ಕ್ಷಣ ಹಳಿಯ ಕೆಳಗಿನ ಏರಿಯನ್ನು ನೋಡಬೇಕು. ದಿವಾನರ ಹೆಸರುಗಳು ಚರಿತ್ರೆಯಲ್ಲಿವೆ, ಕಂಪೆನಿಯ ಹೆಸರು ಕಾಗದಗಳಲ್ಲಿದೆ. ಕ್ಷಾಮದ ವರ್ಷಗಳಲ್ಲಿ ಮೊದಲ ಬುಟ್ಟಿಯನ್ನು ಹೊತ್ತ ಹೆಂಗಸಿನ ಹೆಸರು ಎಲ್ಲಿಯೂ ಇಲ್ಲ. ಮಠದ ದಾಸೋಹದ ಕಣಜಕ್ಕೆ ಹಿಡಿ ಧಾನ್ಯವನ್ನು ತಂದು ಸುರಿದ ಸಾವಿರಾರು ಮಂದಿಯ ಹೆಸರೂ ಹೀಗೆಯೇ ಇಲ್ಲ. ಹೆಸರಿಲ್ಲದವರ ದುಡಿಮೆಯಿಂದ ಆದ ವಸ್ತುವು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದು. ಎಲ್ಲರದಾದುದರಿಂದ ಅದನ್ನು ಕೆಡಿಸದೆ, ಕೊಳೆ ಮಾಡದೆ, ಚೀಟಿಯಿಲ್ಲದೆ ಏರಿ ವಂಚಿಸದೆ ಕಾಪಾಡುವುದೂ ಒಂದು ಲಿಂಗಪೂಜೆಯೇ. ರೈಲಿನ ಹಲಗೆಯ ಮೇಲೆ ತುಸು ಸರಿದು ಪಕ್ಕದವರಿಗೆ ಎಡೆಗೊಡುವ ಭಕ್ತನು ದಾಸೋಹವನ್ನು ಮಠಕ್ಕೆ ಬರುವ ದಾರಿಯಲ್ಲಿಯೇ ಆರಂಭಿಸಿರುತ್ತಾನೆ.